ಎಣ್ಣೆ ಸೋರಿಸಿದವರು ಯಾರು? ಒಂದು ಅಪಘಾತ ವರದಿಯ ಇಂಗ್ಲಿಷ್ ಕುರಿತು ಪ್ರಕರಣ ಅಧ್ಯಯನ

2023ರ ಜುಲೈ ತಿಂಗಳ ಕೊನೆಯ ಭಾಗದ ಒಂದು ಭಾನುವಾರ ಬೆಳಿಗ್ಗೆ, ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿರುವವರೊಬ್ಬರು ರಾಜಾಜಿನಗರದ ನನ್ನ ಮನೆಗೆ ಬಂದು ಎರಡು ಕಾಗದಗಳನ್ನು ಮೇಜಿನ ಮೇಲೆ ಇಟ್ಟರು. ಒಂದು, ಅವರೇ ಇಂಗ್ಲಿಷಿನಲ್ಲಿ ಬರೆದ ನಾಲ್ಕು ವಾಕ್ಯಗಳ ಅಪಘಾತ ವರದಿ. ಇನ್ನೊಂದು, ಆ ವರದಿಯನ್ನು ಓದಿದ ಹೊರರಾಜ್ಯದ ಮುಖ್ಯ ಕಚೇರಿಯವರು ಗಾಯಗೊಂಡ ಆಪರೇಟರಿಗೆ ಕಳಿಸಿದ್ದ ಕಾರಣ ಕೇಳುವ ನೋಟಿಸಿನ ಪ್ರತಿ. ಕೆಲಸದ ಜಾಗದಲ್ಲಿ ಎಣ್ಣೆ ಚೆಲ್ಲಿ ಅಪಘಾತಕ್ಕೆ ಕಾರಣರಾದ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಹತ್ತು ದಿನಗಳಲ್ಲಿ ಉತ್ತರಿಸಬೇಕು ಎಂಬುದು ಅದರ ಸಾರಾಂಶ. ಆಪರೇಟರಿಗೆ ಇಂಗ್ಲಿಷ್ ಬಾರದು. ನೋಟಿಸನ್ನು ಬೇರೆಯವರಿಂದ ಓದಿಸಿಕೊಂಡು ಅವರು ನೇರವಾಗಿ ಸೂಪರ್‌ವೈಸರ್ ಬಳಿ ಬಂದು, “ಸಾರ್, ನಾನು ಎಣ್ಣೆ ಚೆಲ್ಲಿದೆ ಅಂತ ನೀವು ಬರೆದುಕೊಟ್ಟಿದ್ದೀರಂತೆ, ಹೌದಾ?” ಎಂದು ಕೇಳಿದ್ದರು. ಇಪ್ಪತ್ತು ವರ್ಷಗಳಿಂದ ಅದೇ ಪ್ರೆಸ್ಸಿನ ಮುಂದೆ ನಿಂತು ಕೆಲಸ ಮಾಡಿದ, ತನಗಿಂತ ವಯಸ್ಸಿನಲ್ಲಿ ಹಿರಿಯರಾದ ಮನುಷ್ಯನ ಬಾಯಿಂದ ಆ ಮಾತು ಕೇಳಿದ ಮೇಲೆ ಸೂಪರ್‌ವೈಸರಿಗೆ ಎರಡು ರಾತ್ರಿ ನಿದ್ದೆ ಹತ್ತಿರಲಿಲ್ಲ. “ಮೇಡಂ, ನಾನು ಹಾಗೆ ಬರೆದೇ ಇಲ್ಲ” ಎಂದು ಅವರು ಹೇಳಿದಾಗ ಅವರ ದನಿಯಲ್ಲಿ ಅಳು ಇತ್ತು.

ವರದಿಯನ್ನು ಓದಿ ನೋಡಿದೆ. ಅವರು ಹಾಗೆಯೇ ಬರೆದಿದ್ದರು, ಆದರೆ ಹಾಗೆ ಹೇಳಿರಲಿಲ್ಲ. ಬರೆದದ್ದಕ್ಕೂ ಹೇಳಹೊರಟದ್ದಕ್ಕೂ ನಡುವೆ ಇದ್ದ ಅಂತರ ಎರಡೇ ಕಡೆ ಹುಟ್ಟಿತ್ತು: ಕ್ರಿಯಾಪದದ ಕಾಲದ ಆಯ್ಕೆಯಲ್ಲಿ ಮತ್ತು ವಿಶೇಷಣವಾಗಿ ನಿಲ್ಲುವ ಪದಗುಚ್ಛವನ್ನು ಇಟ್ಟ ಜಾಗದಲ್ಲಿ. ಅವರ ಮತ್ತು ಆಪರೇಟರ್ ಅವರ ಒಪ್ಪಿಗೆ ಪಡೆದು, ಇಬ್ಬರ ಹೆಸರನ್ನೂ ಕಾರ್ಖಾನೆಯ ಹೆಸರನ್ನೂ ಬಿಟ್ಟು, ಆ ನಾಲ್ಕು ವಾಕ್ಯಗಳ ಕಥೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಕಾಗದಪತ್ರ ಬರೆಯಬೇಕಾಗಿ ಬಂದವರ ಬರವಣಿಗೆಯನ್ನು ಬಹಳ ವರ್ಷ ತಿದ್ದಿದ ನನಗೆ ಈ ತಪ್ಪುಗಳು ಹೊಸವಲ್ಲ. ಆದರೆ ಒಬ್ಬರ ಕೆಲಸಕ್ಕೇ ಕುತ್ತು ತರುವ ಮಟ್ಟಿಗೆ ಅವು ನಾಲ್ಕು ಸಾಲುಗಳಲ್ಲಿ ಒಟ್ಟಿಗೆ ಬಂದದ್ದನ್ನು ಮೊದಲು ಕಂಡದ್ದು ಆ ದಿನವೇ.

ಮೊದಲು ನಡೆದ ಸಂಗತಿ. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಹೈಡ್ರಾಲಿಕ್ ಪ್ರೆಸ್ಸಿನಿಂದ ಎಣ್ಣೆ ಸೋರುತ್ತಿದೆ ಎಂದು ಆಪರೇಟರ್ ಸೂಪರ್‌ವೈಸರಿಗೆ ತಿಳಿಸಿದರು. ನಾಲ್ಕು ಗಂಟೆಗೆ ಮೇಂಟೆನೆನ್ಸ್‌ನವರು ಬಂದು ವಾಲ್ವ್ ನೋಡಿ, ತೊಂದರೆಯೇನೂ ಇಲ್ಲ ಎಂದು ಹೇಳಿ ಹೋದರು. ರಾತ್ರಿ ಪಾಳಿಯಲ್ಲಿ ಆ ಪ್ರೆಸ್ ಓಡಲಿಲ್ಲ, ಆದರೆ ಎಣ್ಣೆ ಸೋರುತ್ತಲೇ ಇತ್ತು. ಮಂಗಳವಾರ ಬೆಳಿಗ್ಗೆ 6.40ಕ್ಕೆ ಆಪರೇಟರ್ ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡರು. ಸೂಪರ್‌ವೈಸರ್ ಕೂಡಲೇ ಪ್ರೆಸ್ಸಿನ ಮೇನ್ ಸ್ವಿಚ್ ಆರಿಸಿ, 6.45ಕ್ಕೆ ಮೇಂಟೆನೆನ್ಸ್‌ಗೆ ಫೋನ್ ಮಾಡಿದರು. ವೈದ್ಯರು ಮೂರು ದಿನ ಕೆಲಸ ಬೇಡ ಎಂದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 88ನೆಯ ಕಲಮಿನ ಪ್ರಕಾರ, ಪೆಟ್ಟಾದ ಕಾರ್ಮಿಕ 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾರದಂತಾದರೆ ಅದನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬೇಕು. ಹಾಗಾಗಿ ಮುಖ್ಯ ಕಚೇರಿಯವರು ಸಂಜೆಯೊಳಗೆ ಇಂಗ್ಲಿಷ್ ವರದಿ ಬೇಕೆಂದರು. ಶಿಫ್ಟ್ ಮುಗಿಸಿ, ಆಸ್ಪತ್ರೆಗೆ ಹೋಗಿಬಂದು, ಅವಸರದಲ್ಲಿ ಅವರು ಟೈಪ್ ಮಾಡಿದ್ದು ಇಷ್ಟು:

“ಯೆಸ್ಟರ್‌ಡೇ ದಿ ಆಪರೇಟರ್ ಹ್ಯಾಡ್ ಟೋಲ್ಡ್ ದಟ್ ದಿ ಪ್ರೆಸ್ ಈಸ್ ಲೀಕಿಂಗ್. ದಿ ಮೇಂಟೆನೆನ್ಸ್ ಟೀಮ್ ಓನ್ಲಿ ಚೆಕ್ಡ್ ದಿ ವಾಲ್ವ್. ಹ್ಯಾವಿಂಗ್ ಲೀಕ್ಡ್ ಆಯಿಲ್ ಆನ್ ದಿ ಫ್ಲೋರ್, ದಿ ಆಪರೇಟರ್ ಸ್ಲಿಪ್ಡ್ ಆ್ಯಂಡ್ ಹರ್ಟ್ ಹಿಸ್ ರಿಸ್ಟ್. ವೆನ್ ಹಿ ಹ್ಯಾಡ್ ಫಾಲನ್, ಐ ಹ್ಯಾಡ್ ಕಾಲ್ಡ್ ದಿ ಮೇಂಟೆನೆನ್ಸ್ ಟೀಮ್.”

ಮುಖ್ಯ ಕಚೇರಿಯಲ್ಲಿ ಇದನ್ನು ಓದಿದವರಿಗೆ ಕನ್ನಡ ಗೊತ್ತಿಲ್ಲ, ಪ್ರೆಸ್ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಅವರ ಕೈಯಲ್ಲಿದ್ದದ್ದು ಈ ನಾಲ್ಕು ಸಾಲು ಮಾತ್ರ. ಅವುಗಳಿಂದ ಅವರು ನಾಲ್ಕು ಸಂಗತಿಗಳನ್ನು ತಿಳಿದುಕೊಂಡಿದ್ದರು: ವರದಿ ಬರೆಯುವ ಹೊತ್ತಿಗೂ ಪ್ರೆಸ್ ಸೋರುತ್ತಲೇ ಇದೆ, ಅಂದರೆ ಅದನ್ನು ನಿಲ್ಲಿಸಿಲ್ಲ, ಮೇಂಟೆನೆನ್ಸ್‌ನವರು ಬರೀ ನೋಡಿ ಹೋದರು, ಏನೂ ಮಾಡಲಿಲ್ಲ, ಎಣ್ಣೆಯನ್ನು ನೆಲಕ್ಕೆ ಬಿಟ್ಟವರು ಆಪರೇಟರ್, ಮತ್ತು ಆಪರೇಟರ್ ಬೀಳುವ ಹೊತ್ತಿಗೆ ಸೂಪರ್‌ವೈಸರ್ ಆಗಲೇ ಮೇಂಟೆನೆನ್ಸ್‌ಗೆ ಫೋನ್ ಮಾಡಿ ಆಗಿತ್ತು, ಅಂದರೆ ಅಪಾಯ ಗೊತ್ತಿದ್ದೂ ಅವರನ್ನು ಯಂತ್ರದ ಬಳಿಗೆ ಕಳಿಸಿದರು. ನೋಟಿಸು ಆಪರೇಟರಿಗೆ ಮಾತ್ರ ಬಂದಿದ್ದರೂ, ಸೂಪರ್‌ವೈಸರಿಗೆ ಎರಡು ಪ್ರಶ್ನೆಗಳ ಪ್ರತ್ಯೇಕ ಇಮೇಲ್ ಬಂದಿತ್ತು. ಆ ಓದುಗರನ್ನು ನಾನು ದೂರುವುದಿಲ್ಲ. ಇಂಗ್ಲಿಷ್ ವಾಕ್ಯಗಳನ್ನು ಇಂಗ್ಲಿಷಿನ ನಿಯಮದಂತೆ ಓದಿದರೆ ಬಹುಪಾಲು ಅದೇ ಅರ್ಥ ಬರುತ್ತದೆ.

ಸೂಪರ್‌ವೈಸರ್ ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರು. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಇವರು ಅದಕ್ಕೆ ಮುಂಚಿನ ಪೀಳಿಗೆಯವರು, ಐದನೆಯ ತರಗತಿಯಲ್ಲಿ ಎ, ಬಿ, ಸಿ ತಿದ್ದಿದವರು. ನಂತರ ಡಿಪ್ಲೊಮಾ ಮಾಡಿ ಬೆಂಗಳೂರಿಗೆ ಬಂದರು. ಹನ್ನೆರಡು ಚೌಕಗಳ ಟೆನ್ಸ್ ಕೋಷ್ಟಕ ಅವರಿಗೆ ಇಂದಿಗೂ ಬಾಯಿಪಾಠವಿದೆ. ‘ಗೋ, ವೆಂಟ್, ಗಾನ್’ ಎಂದು ಶುರು ಮಾಡಿದರೆ ತಡವರಿಸದೆ ಹೇಳುತ್ತಾರೆ. ಆದ್ದರಿಂದ ಅವರ ಕಷ್ಟ ನಿಯಮ ಗೊತ್ತಿಲ್ಲದ್ದಲ್ಲ. ‘ಹ್ಯಾಡ್ ಟೋಲ್ಡ್’ ಎಂಬುದು ಪಾಸ್ಟ್ ಪರ್ಫೆಕ್ಟ್ ಎಂದು ಅವರು ತಕ್ಷಣ ಹೇಳಿದರು. ಅದನ್ನು ಏಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಈ ಪ್ರಕರಣದ ಬೀಗದ ಕೈ: “ಕನ್ನಡದಲ್ಲಿ ‘ಹೇಳಿದ್ದರು’ ಅಂತ ಬರುತ್ತೆ ಅಲ್ವಾ ಮೇಡಂ, ಅದಕ್ಕೆ.”

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದನ್ನು ಅನೇಕ ಶಿಕ್ಷಕರು ‘ಕನ್ನಡದಲ್ಲಿ ಯೋಚಿಸಿದ್ದರಿಂದ ಆದ ತಪ್ಪು’ ಎಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ಕನ್ನಡದಲ್ಲಿ ಯೋಚಿಸಬೇಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೂವತ್ತು ದಾಟಿದ ಮನುಷ್ಯನಿಗೆ ಯೋಚನೆಯ ಭಾಷೆಯನ್ನು ಕಳಚಿಡಿ ಎಂದರೆ ಅವನು ಯೋಚಿಸುವುದನ್ನೇ ನಿಲ್ಲಿಸಿ ಬಾಯಿಪಾಠದ ವಾಕ್ಯಗಳಿಗೆ ಜೋತುಬೀಳುತ್ತಾನೆ. ಮಾಡಬೇಕಾದದ್ದು ಅದಕ್ಕೆ ವಿರುದ್ಧವಾದದ್ದು: ತಾನು ಯೋಚಿಸಿದ ಕನ್ನಡ ವಾಕ್ಯ ಏನು ಕೆಲಸ ಮಾಡುತ್ತಿದೆ ಎಂದು ಇನ್ನೂ ಹತ್ತಿರದಿಂದ ನೋಡುವುದು.

‘ನಿನ್ನೆ ನಿಮ್ಮ ಮನೆಗೆ ಬಂದೆ’ ಮತ್ತು ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎಂಬ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು, ಯಾವಾಗ ಯಾವುದನ್ನು ಹೇಳುತ್ತೀರಿ ಎಂದು ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು: ಬಂದು ಹೋಗಿಯಾಗಿದ್ದರೆ, ನೀವು ಮನೆಯಲ್ಲಿ ಇಲ್ಲದೆ ಹಿಂತಿರುಗಿದ್ದರೆ, ‘ಬಂದಿದ್ದೆ’. ಅವರ ಮಾತು ಸರಿ. ಕನ್ನಡದ ಈ ‘ಇದ್ದೆ’ ಸೇರಿದ ರೂಪ, ಕೆಲಸ ಆಗಿತ್ತು ಮತ್ತು ಅದರ ಫಲ ಈಗ ಹಾಗೇ ಉಳಿದಿಲ್ಲ, ಅದು ಮುಗಿದ ಅಧ್ಯಾಯ ಎಂಬುದನ್ನು ಸೂಚಿಸಲು ಒಂಟಿಯಾಗಿಯೇ ನಿಲ್ಲಬಲ್ಲದು. ‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎಂದರೆ ಅದರ ಜೊತೆಗೆ ಇನ್ನೊಂದು ಘಟನೆ ಬೇಕಿಲ್ಲ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಹಾಗೆ ಒಂಟಿಯಾಗಿ ನಿಲ್ಲದು. ಅದು ಯಾವಾಗಲೂ ‘ಯಾವುದಕ್ಕಿಂತ ಮುಂಚೆ?’ ಎಂಬ ಪ್ರಶ್ನೆಯನ್ನು ಎತ್ತುತ್ತದೆ, ಮತ್ತು ಓದುಗ ಉತ್ತರವನ್ನು ಹುಡುಕುತ್ತಾನೆ. ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದಿ ಬ್ಯಾಂಕ್’ ಎಂಬ ವಾಕ್ಯ ನಮ್ಮಲ್ಲಿ ದಿನವೂ ಕೇಳಿಬರುತ್ತದೆ. ಸಂದರ್ಭ ತಿಳಿದವರ ನಡುವೆ ಅದರಿಂದ ಹಾನಿಯಿಲ್ಲ. ಆದರೆ ಲಿಖಿತ ವರದಿಯಲ್ಲಿ, ಘಟನೆಗಳ ಅನುಕ್ರಮವೇ ಮುಖ್ಯವಾದಲ್ಲಿ, ಓದುಗ ಉತ್ತರ ಹುಡುಕುತ್ತಾ ಪಕ್ಕದ ವಾಕ್ಯಕ್ಕೆ ಹೋಗಿ ತಪ್ಪು ಗಂಟು ಹಾಕುತ್ತಾನೆ.

ಹ್ಯಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಶಾಸ್ತ್ರಜ್ಞರು 1947ರಲ್ಲಿ ಇದನ್ನು ಮೂರು ಬಿಂದುಗಳಿಂದ ವಿವರಿಸಿದರು: ಮಾತನಾಡುವ ಹೊತ್ತು, ಘಟನೆ ನಡೆದ ಹೊತ್ತು, ಮತ್ತು ನಾವು ಎಲ್ಲಿ ನಿಂತು ಘಟನೆಯನ್ನು ನೋಡುತ್ತಿದ್ದೇವೆಯೋ ಆ ಹೊತ್ತು. ಸಿಂಪಲ್ ಪಾಸ್ಟ್‌ನಲ್ಲಿ ಘಟನೆಯ ಹೊತ್ತೂ ನೋಡುವ ಹೊತ್ತೂ ಒಂದೇ, ಎರಡೂ ಮಾತಿಗಿಂತ ಹಿಂದೆ. ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಘಟನೆ ಹಿಂದೆ, ಆದರೆ ನೋಡುವವರು ನಿಂತಿರುವುದು ಈಗ. ಆದ್ದರಿಂದಲೇ ‘ಯೆಸ್ಟರ್‌ಡೇ’ ಎಂಬ ಮುಚ್ಚಿಹೋದ ಕಾಲದ ಪದದ ಜೊತೆ ‘ಹ್ಯಾವ್ ಟೋಲ್ಡ್’ ಕೂಡದು. ಪಾಸ್ಟ್ ಪರ್ಫೆಕ್ಟ್‌ನಲ್ಲಿ ಮೂರೂ ಬೇರೆಬೇರೆ: ಮಾತಿನ ಹೊತ್ತಿಗಿಂತ ಹಿಂದೆ ಒಂದು ನಿಲುಗಡೆ, ಅದಕ್ಕಿಂತಲೂ ಹಿಂದೆ ಘಟನೆ. ಮೆಟ್ರೊದಲ್ಲಿ ದಾಸರಹಳ್ಳಿಯಿಂದ ರಾಜಾಜಿನಗರಕ್ಕೆ ಬಂದಿದ್ದ ಅವರಿಗೆ ನಾನು ಅದೇ ಹಸಿರು ಮಾರ್ಗವನ್ನು ಕಾಗದದ ಮೇಲೆ ಗೀಚಿ ತೋರಿಸಿದೆ. ನೀವು ಈಗ ಕುಳಿತಿರುವುದು ರಾಜಾಜಿನಗರದಲ್ಲಿ. ಯಶವಂತಪುರದಲ್ಲಿ ನಡೆದದ್ದನ್ನು ಹೇಳುವುದಾದರೆ ಸಿಂಪಲ್ ಪಾಸ್ಟ್ ಸಾಕು. ಕಥೆಯಲ್ಲಿ ಯಶವಂತಪುರಕ್ಕೆ ಬಂದು ನಿಂತು, ಅಲ್ಲಿಂದ ಹಿಂತಿರುಗಿ ಪೀಣ್ಯದಲ್ಲಿ ಆಗಿಹೋದದ್ದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಬೇಕು. ಯಶವಂತಪುರವೇ ಇಲ್ಲದ ಕಥೆಯಲ್ಲಿ ‘ಹ್ಯಾಡ್’ಗೆ ಕೆಲಸವಿಲ್ಲ.

ಈ ಅಳತೆಗೋಲಿನಿಂದ ಕೊನೆಯ ವಾಕ್ಯವನ್ನು ನೋಡಿದಾಗ ಅವರಿಗೆ ತಪ್ಪು ತಾನಾಗಿಯೇ ಕಂಡಿತು. ‘ವೆನ್ ಹಿ ಹ್ಯಾಡ್ ಫಾಲನ್, ಐ ಹ್ಯಾಡ್ ಕಾಲ್ಡ್’ ಎಂಬಲ್ಲಿ ಎರಡು ಕ್ರಿಯೆಗಳಿಗೂ ‘ಹ್ಯಾಡ್’ ಇದೆ, ಅಂದರೆ ಎರಡೂ ಪೀಣ್ಯದಲ್ಲಿವೆ, ಯಶವಂತಪುರ ಎಲ್ಲಿಯೂ ಇಲ್ಲ. ‘ವೆನ್’ ಎಂಬುದು ಬೀಳುವಿಕೆಯನ್ನೇ ನಿಲುಗಡೆಯಾಗಿ ಮಾಡಿಕೊಟ್ಟು, ‘ಹ್ಯಾಡ್ ಕಾಲ್ಡ್’ ಎಂಬುದನ್ನು ಅದಕ್ಕಿಂತ ಹಿಂದಕ್ಕೆ ತಳ್ಳಿಬಿಡುತ್ತದೆ. ‘ಬಿದ್ದಾಗ ಫೋನ್ ಮಾಡಿದ್ದೆ’ ಎಂಬ ಕನ್ನಡದ ಸಾಲು ‘ಬಿದ್ದ ಕೂಡಲೇ ಮಾಡಿದೆ’ ಎಂದು ಅರ್ಥವಾದರೆ, ಅದರ ಇಂಗ್ಲಿಷ್ ರೂಪ ‘ಬೀಳುವಷ್ಟರಲ್ಲಿ ಮಾಡಿಯಾಗಿತ್ತು’ ಎಂದು ಓದಿಸಿಕೊಂಡಿತು. ‘ಆಫ್ಟರ್’ ಅಥವಾ ‘ಬಿಫೋರ್’ ಇದ್ದರೆ ಅವೇ ಅನುಕ್ರಮವನ್ನು ಹೇಳುವುದರಿಂದ ‘ಹ್ಯಾಡ್’ ಇಲ್ಲದೆಯೂ ನಡೆಯುತ್ತದೆ. ಗಡಿಯಾರದ ಹೊತ್ತನ್ನೇ ಬರೆದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ವರದಿಯಲ್ಲಿ 6.40, 6.45 ಎಂಬ ಅಂಕಿಗಳಿಗಿಂತ ನಂಬಿಕೆಯ ವ್ಯಾಕರಣ ಬೇರೆ ಇಲ್ಲ.

ಮೊದಲ ವಾಕ್ಯದ ‘ಈಸ್ ಲೀಕಿಂಗ್’ ಬೇರೆ ಬಗೆಯದು. ಕನ್ನಡದ ‘ಎಂದು’ ಒಂದು ಬೇಲಿ. ಅದರೊಳಗೆ ಮಾತಾಡಿದವರ ಮಾತು ಆಡಿದ ಹಾಗೆಯೇ ಉಳಿಯುತ್ತದೆ: ‘ಪ್ರೆಸ್ ಸೋರುತ್ತಿದೆ ಎಂದು ನಿನ್ನೆ ಹೇಳಿದರು’. ಬೇಲಿಯೊಳಗಿನ ‘ಸೋರುತ್ತಿದೆ’ ನಿನ್ನೆಯದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಇಂಗ್ಲಿಷಿನ ‘ದಟ್’ ಅಂಥ ಬೇಲಿಯಲ್ಲ. ಹೊರಗಿನ ಕ್ರಿಯಾಪದ ಭೂತಕಾಲಕ್ಕೆ ಹೋದರೆ ಒಳಗಿನದೂ ಅದರ ಹಿಂದೆ ಹೋಗಬೇಕು. ಹೋಗದೆ ‘ಈಸ್’ ಎಂದೇ ನಿಂತರೆ, ಅದು ಈಗಲೂ ನಿಜ ಎಂದು ಬರೆದವರು ಹೊಣೆ ಹೊತ್ತಂತೆ. ಪ್ರೆಸ್ಸನ್ನು ನಿಲ್ಲಿಸಲಿಲ್ಲವೇಕೆ ಎಂಬ ಇಮೇಲ್ ಪ್ರಶ್ನೆ ಹುಟ್ಟಿದ್ದು ಈ ಎರಡಕ್ಷರದಿಂದ. ಅದೇ ವಾಕ್ಯದಲ್ಲಿ ‘ಟೋಲ್ಡ್’ ಆದ ಮೇಲೆ ಯಾರಿಗೆ ಎಂಬುದು ಬೇಕು ಎಂಬುದನ್ನೂ ತಿದ್ದಿದೆವು. ಅದು ಸಣ್ಣದು.

ಮೂರನೆಯ ವಾಕ್ಯಕ್ಕೆ ನಾವು ಮರುವಾರದ ಭಾನುವಾರವನ್ನು ಇಡಿಯಾಗಿ ಕೊಟ್ಟೆವು. ಆಪರೇಟರಿಗೆ ನೋಟಿಸು ತಂದದ್ದು ಆ ವಾಕ್ಯವೇ.

ಅವರ ಮನಸ್ಸಿನಲ್ಲಿದ್ದ ಕನ್ನಡ ಹೀಗಿತ್ತು: ‘ನೆಲದ ಮೇಲೆ ಎಣ್ಣೆ ಸೋರಿ ಆಪರೇಟರ್ ಜಾರಿ ಬಿದ್ದರು’. ಇದು ನಿರ್ದೋಷವಾದ ಕನ್ನಡ. ‘ಸೋರಿ’, ‘ಬಂದು’, ‘ನೋಡಿ’ ಎಂಬ ಕೃದಂತಾವ್ಯಯಗಳ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಂದೇ ಆಗಿರುವುದು ಕನ್ನಡದಲ್ಲಿ ಸಾಮಾನ್ಯ: ‘ಗೇಟು ತೆರೆದು ಒಳಗೆ ಬಂದೆ’ ಎಂದರೆ ತೆರೆದವನೂ ಬಂದವನೂ ನಾನೇ. ಆದರೆ ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಿ, ಯಾರೂ ಬೇಕೆಂದು ಮಾಡದೆ ನಡೆದಾಗ, ಕನ್ನಡ ಈ ಕಟ್ಟನ್ನು ಸಡಿಲಿಸುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ‘ಬಸ್ಸು ಕೆಟ್ಟು ನನಗೆ ತಡವಾಯಿತು’ ಎಂದರೆ ಕೆಟ್ಟದ್ದು ನಾನಲ್ಲ. ಕರ್ತೃ ಬದಲಾದರೂ ಕೇಳುವವರಿಗೆ ಗೊಂದಲವಾಗದು, ಏಕೆಂದರೆ ಕೃದಂತದ ಮುಂದೆಯೇ ಅದರ ಕರ್ತೃ ಕುಳಿತಿರುತ್ತದೆ.

ಅದಕ್ಕಿಂತ ದೊಡ್ಡ ಕಾವಲು ಕ್ರಿಯಾಪದದಲ್ಲೇ ಇದೆ. ಕನ್ನಡದಲ್ಲಿ ‘ಸೋರು’ ಬೇರೆ, ‘ಸೋರಿಸು’ ಬೇರೆ. ತಾನಾಗಿ ಆದದ್ದು ಮತ್ತು ಒಬ್ಬರು ಮಾಡಿದ್ದು ಎಂಬ ವ್ಯತ್ಯಾಸವನ್ನು ‘ಇಸು’ ಪ್ರತ್ಯಯ ಕಾಯುತ್ತದೆ. ಇಂಗ್ಲಿಷಿನ ‘ಲೀಕ್’ ಎರಡಕ್ಕೂ ಒಂದೇ. ‘ಆಯಿಲ್ ಲೀಕ್ಡ್’ ಎಂದರೆ ಎಣ್ಣೆ ಸೋರಿತು. ‘ಲೀಕ್ಡ್ ಆಯಿಲ್’ ಎಂದು ತಿರುಗಿಸಿದ ಕೂಡಲೇ ಎಣ್ಣೆ ಕರ್ಮವಾಗಿ, ಎಣ್ಣೆಯನ್ನು ಸೋರಿಸಿದವರೊಬ್ಬರು ಬೇಕಾಗುತ್ತದೆ. ಎಣ್ಣೆಯನ್ನು ಕ್ರಿಯಾಪದದ ಹಿಂದೆ ಇಟ್ಟದ್ದರಿಂದ ಕರ್ತೃವಿನ ಪೀಠ ಖಾಲಿಯಾಯಿತು. ಇಂಗ್ಲಿಷ್ ಓದುಗ ಅಲ್ಪವಿರಾಮ ದಾಟಿ ಮುಂದೆ ಬರುವ ಮೊದಲ ನಾಮಪದವನ್ನು ಆ ಪೀಠದ ಮೇಲೆ ಕೂರಿಸುತ್ತಾನೆ. ಅಲ್ಲಿ ನಿಂತಿದ್ದವರು ಆಪರೇಟರ್.

ಇದನ್ನು ವಿವರಿಸಿದಾಗ ಅವರು ತಲೆಯಾಡಿಸಿದರು, ಆದರೆ ಅದು ಮನಸ್ಸಿಗೆ ಇಳಿದಿರಲಿಲ್ಲ. ಬುದ್ಧಿ ಇರುವ ಯಾರಾದರೂ ಬಿದ್ದವನೇ ಎಣ್ಣೆ ಚೆಲ್ಲಿದ ಎಂದು ಏಕೆ ಓದುತ್ತಾರೆ ಎಂಬ ಪ್ರಶ್ನೆ ಅವರಲ್ಲಿ ಹಾಗೇ ಇತ್ತು. ಆಗ ನನಗೆ ಕನ್ನಡದಲ್ಲಿಯೂ ಇಬ್ಬಗೆಯ ಕ್ರಿಯಾಪದಗಳಿರುವುದು ನೆನಪಾಯಿತು. ‘ಚೆಲ್ಲು’ ಅಂಥದು: ಹಾಲು ಚೆಲ್ಲಿತು, ಹಾಲು ಚೆಲ್ಲಿದರು, ಎರಡೂ ಸರಿ. ‘ಎಣ್ಣೆ ಚೆಲ್ಲಿ ಆಪರೇಟರ್ ಜಾರಿ ಬಿದ್ದರು’ ಎಂದು ಬರೆದುಕೊಟ್ಟು, ಚೆಲ್ಲಿದವರು ಯಾರು ಎಂದು ಕೇಳಿದೆ. ಅವರು ಬಾಯಿ ತೆರೆದವರು ಹಾಗೆಯೇ ನಿಂತರು. “ಇದು ಎರಡೂ ಆಗುತ್ತೆ ಮೇಡಂ” ಎಂದರು. ನಿಮ್ಮ ವಾಕ್ಯವನ್ನು ಓದಿದವರು ಇಲ್ಲಿಯೇ ನಿಂತಿದ್ದರು, ಮತ್ತು ಅವರ ಭಾಷೆಯ ಪದಕ್ರಮ ಅವರನ್ನು ಒಂದು ಕಡೆಗೆ ತಳ್ಳಿತು ಎಂದೆ. ನಲವತ್ತು ನಿಮಿಷದ ವಿವರಣೆ ಮಾಡದ ಕೆಲಸವನ್ನು ಆ ಒಂದು ಕನ್ನಡ ಕ್ರಿಯಾಪದ ಮಾಡಿತು. ಇಂಗ್ಲಿಷ್ ಕಲಿಸುವವರಿಗೆ ಕನ್ನಡ ವ್ಯಾಕರಣ ಚೆನ್ನಾಗಿ ಗೊತ್ತಿರಬೇಕು ಎಂದು ನಾನು ಹಟ ಹಿಡಿದು ಹೇಳುವುದು ಇಂಥ ಅನುಭವಗಳಿಂದಲೇ.

ಅಲ್ಲಿಂದ ಮುಂದಿನ ದಾರಿ ಸಲೀಸಾಯಿತು. ವಾಕ್ಯದ ತಲೆಯಲ್ಲಿ ‘ಇಂಗ್’ ಅಥವಾ ‘ಹ್ಯಾವಿಂಗ್’ ಗುಚ್ಛವೊಂದು ಬಂದರೆ, ಅಲ್ಪವಿರಾಮದ ಬಳಿ ನಿಂತು ‘ಯಾರು?’ ಎಂದು ಕೇಳಿ, ಕೂಡಲೇ ಮುಂದೆ ಬರುವ ನಾಮಪದ ಉತ್ತರವಾಗುತ್ತದೆಯೇ ನೋಡಬೇಕು. ಹಳೆಯ ಇಮೇಲ್‌ಗಳನ್ನು ತೆಗೆದು ಹೀಗೆ ಜರಡಿ ಹಿಡಿದಾಗ ಸಾಲು ಸಾಲಾಗಿ ಸಿಕ್ಕವು. ‘ವೈಲ್ ಕ್ಲೀನಿಂಗ್ ದಿ ಮಷೀನ್, ದಿ ಬ್ರಷ್ ಬ್ರೋಕ್’ ಎಂದರೆ ಬ್ರಷ್ಷೇ ಯಂತ್ರ ತೊಳೆಯುತ್ತಿತ್ತು. ‘ಆಫ್ಟರ್ ಫಿನಿಷಿಂಗ್ ದಿ ಶಿಫ್ಟ್, ದಿ ಕೀ ವಾಸ್ ಗಿವನ್ ಟು ಸೆಕ್ಯುರಿಟಿ’ ಎಂದರೆ ಬೀಗದ ಕೈ ಶಿಫ್ಟ್ ಮುಗಿಸಿತು. ಎರಡನೆಯದು ಅರ್ಥಕ್ಕೆ ತೊಡಕಲ್ಲ ಮತ್ತು ಕಚೇರಿ ಇಂಗ್ಲಿಷಿನಲ್ಲಿ ಇಂಥವು ಎಲ್ಲೆಡೆ ಇವೆ ಎಂಬುದನ್ನೂ ಅವರಿಗೆ ಹೇಳಿದೆ. ಎಲ್ಲ ತೂಗುಬಿದ್ದ ಗುಚ್ಛಗಳೂ ಒಂದೇ ತೂಕದ ಅಪರಾಧಗಳಲ್ಲ. ‘ಕನ್ಸಿಡರಿಂಗ್’, ‘ಜಡ್ಜಿಂಗ್ ಫ್ರಮ್’, ‘ಜನರಲಿ ಸ್ಪೀಕಿಂಗ್’ ಮುಂತಾದವು ಕರ್ತೃವನ್ನು ಕೇಳುವುದನ್ನೇ ಬಿಟ್ಟು ಅವ್ಯಯಗಳಂತೆ ಬಳಕೆಯಾಗುತ್ತಿವೆ. ಆದರೆ ಹೊಣೆ ಯಾರದು ಎಂಬುದೇ ಪ್ರಶ್ನೆಯಾಗಿರುವ ಬರಹದಲ್ಲಿ ಕರ್ತೃವನ್ನು ಓದುಗರ ಊಹೆಗೆ ಬಿಡಬಾರದು.

ಅವರಿಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ‘ಮಳೆ ಬಂದು ಕೆರೆ ತುಂಬಿತು’ ಎಂಬ ಕನ್ನಡದ ಕಟ್ಟಿಗೆ ಇಂಗ್ಲಿಷಿನಲ್ಲಿ ಸಮನಾದದ್ದು ಇಲ್ಲವೆಂದಲ್ಲ. ‘ದಿ ಸೀಲ್ ಹ್ಯಾವಿಂಗ್ ಫೇಲ್ಡ್, ಆಯಿಲ್ ಲೀಕ್ಡ್ ಆನ್ ದಿ ಫ್ಲೋರ್’ ಎಂದು ಬರೆಯಬಹುದು. ಸೀಲು ಎಂಬ ನಾಮಪದವನ್ನು ಗುಚ್ಛದೊಳಗೇ ಉಳಿಸಿಕೊಂಡರೆ ವಾಕ್ಯ ವ್ಯಾಕರಣಶುದ್ಧ. ಸ್ವಲ್ಪ ಹಳೆಯ ಕಾಲದ ಗಾಂಭೀರ್ಯ ಅದಕ್ಕಿದೆ, ದಿನನಿತ್ಯದ ವರದಿಗೆ ನಾನು ಅದನ್ನು ಸೂಚಿಸುವುದಿಲ್ಲ. ಆದರೆ ಅವರು ತಪ್ಪಿದ್ದು ಎಷ್ಟು ಸಣ್ಣ ಅಂತರದಲ್ಲಿ ಎಂಬುದನ್ನು ಅದು ತೋರಿಸಿತು: ಕನ್ನಡ ವಾಕ್ಯದಲ್ಲಿ ಇದ್ದ ಕರ್ತೃವನ್ನು ಇಂಗ್ಲಿಷಿಗೆ ತರುವಾಗ ಅವರು ದಾರಿಯಲ್ಲಿ ಬಿಟ್ಟುಬಂದಿದ್ದರು, ಅಷ್ಟೆ.

ಉಳಿದದ್ದು ಎರಡನೆಯ ವಾಕ್ಯದ ‘ಓನ್ಲಿ’. ‘ದಿ ಮೇಂಟೆನೆನ್ಸ್ ಟೀಮ್ ಓನ್ಲಿ ಚೆಕ್ಡ್’ ಎಂದು ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ‘ಮೇಂಟೆನೆನ್ಸ್‌ನವರೇ ನೋಡಿದ್ದಾರೆ’ ಎಂಬ ಮಾತು. ನಾನೋ ಆಪರೇಟರೋ ಮುಟ್ಟಿಲ್ಲ, ಅದನ್ನು ಬಲ್ಲವರೇ ನೋಡಿದ್ದಾರೆ ಎಂಬ ಭರವಸೆ. ಬೆಂಗಳೂರಿನ ಇಂಗ್ಲಿಷಿನಲ್ಲಿ ‘ಓನ್ಲಿ’ ಬಹಳ ಸಲ ಕನ್ನಡದ ‘ಏ’ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ‘ಏ’ ತಾನು ಒತ್ತು ಕೊಡುವ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ‘ಓನ್ಲಿ’ಯನ್ನೂ ನಾವು ಪದದ ಹಿಂದೆ ಅಂಟಿಸುತ್ತೇವೆ: ‘ಹಿ ಓನ್ಲಿ ಟೋಲ್ಡ್ ಮಿ’ ಎಂದರೆ ‘ಅವನೇ ಹೇಳಿದ’. ನಮ್ಮ ನಡುವೆ ಇದು ಬಾಳುತ್ತದೆ, ಅದನ್ನು ನಗೆಪಾಟಲು ಮಾಡುವವರ ಜೊತೆ ನಾನಿಲ್ಲ. ಆದರೆ ಬೇರೆ ಕಡೆಯ ಓದುಗರಿಗೆ ‘ಓನ್ಲಿ’ ಮುಂದೆ ನೋಡುವ ಪದ. ಅವರು ಅದನ್ನು ‘ಚೆಕ್ಡ್’ ಜೊತೆ ಸೇರಿಸಿ, ನೋಡಿದರಷ್ಟೇ, ರಿಪೇರಿ ಮಾಡಲಿಲ್ಲ ಎಂದು ಓದಿದರು. ಆ ವಾಕ್ಯದಲ್ಲಿ ‘ಓನ್ಲಿ’ ಬೇಕೇ ಇಲ್ಲ ಎಂದು ತೀರ್ಮಾನಿಸಿ ತೆಗೆದುಹಾಕಿದೆವು. ಆ ತೀರ್ಮಾನ ನಮ್ಮಿಬ್ಬರ ತಪ್ಪಾಗಿತ್ತು ಎಂಬುದು ಮರುದಿನ ತಿಳಿಯಿತು.

ಪಾಠ ಡಿಸೆಂಬರ್‌ವರೆಗೂ ಭಾನುವಾರಗಳಲ್ಲಿ ನಡೆಯಿತು. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಆಗುವುದನ್ನು ತಪ್ಪಿಸಲು ಅವರು ಇಂದಿಗೂ ಒಮ್ಮೆ ನಿಂತು ಯೋಚಿಸುತ್ತಾರೆ. ‘ಇಂದ’ ವಿಭಕ್ತಿ ಶುರುವಿನ ಬಿಂದುವಿಗೂ ಅವಧಿಗೂ ಒಂದೇ ಆಗಿರುವಾಗ ‘ಸಿನ್ಸ್’ ಮತ್ತು ‘ಫಾರ್’ ಎಂಬ ಎರಡು ಗೂಡುಗಳು ಸುಲಭಕ್ಕೆ ಬೇರೆಯಾಗಿ ಕಾಣುವುದಿಲ್ಲ. ಈಗ ಅವರು ಪ್ರತಿ ವರದಿಯನ್ನೂ ಮೊದಲು ಶಿಫ್ಟ್ ರಿಜಿಸ್ಟರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು, ಪ್ರತಿ ಕ್ರಿಯೆಯ ಪಕ್ಕದಲ್ಲಿ ಗಂಟೆ ಮತ್ತು ಮಾಡಿದವರನ್ನು ಗುರುತು ಹಾಕಿಕೊಂಡು, ಆಮೇಲೆ ಇಂಗ್ಲಿಷಿಗೆ ಇಳಿಸುತ್ತಾರೆ. ಇದರಿಂದ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ನೋಟಿಸಿನ ವಿಷಯಕ್ಕೆ ಬರುತ್ತೇನೆ. ಎರಡನೆಯ ಭಾನುವಾರ ಸಂಜೆಗೆ ಹೊಸ ವರದಿ ಸಿದ್ಧವಾಯಿತು: “ಆನ್ ಮಂಡೇ ಆ್ಯಟ್ 3 ಪಿ.ಎಂ., ದಿ ಆಪರೇಟರ್ ಟೋಲ್ಡ್ ಮಿ ದಟ್ ದಿ ಪ್ರೆಸ್ ವಾಸ್ ಲೀಕಿಂಗ್. ದಿ ಮೇಂಟೆನೆನ್ಸ್ ಟೀಮ್ ಚೆಕ್ಡ್ ದಿ ವಾಲ್ವ್ ಆ್ಯಟ್ 4 ಪಿ.ಎಂ. ಆ್ಯಂಡ್ ಫೌಂಡ್ ನೋ ಫಾಲ್ಟ್. ಆನ್ ಟ್ಯೂಸ್‌ಡೇ ಆ್ಯಟ್ 6.40 ಎ.ಎಂ., ದಿ ಆಪರೇಟರ್ ಸ್ಲಿಪ್ಡ್ ಆನ್ ಆಯಿಲ್ ದಟ್ ಹ್ಯಾಡ್ ಲೀಕ್ಡ್ ಫ್ರಮ್ ದಿ ಪ್ರೆಸ್ ಡ್ಯೂರಿಂಗ್ ದಿ ನೈಟ್ ಆ್ಯಂಡ್ ಹರ್ಟ್ ಹಿಸ್ ರಿಸ್ಟ್. ಐ ಸ್ವಿಚ್ಡ್ ಆಫ್ ದಿ ಪ್ರೆಸ್ ಆ್ಯಂಡ್ ಕಾಲ್ಡ್ ದಿ ಮೇಂಟೆನೆನ್ಸ್ ಟೀಮ್ ಆ್ಯಟ್ 6.45.” ಇಡೀ ವರದಿಯಲ್ಲಿ ‘ಹ್ಯಾಡ್’ ಬಂದದ್ದು ಒಂದೇ ಕಡೆ, ಅದಕ್ಕೆ ನ್ಯಾಯವಾಗಿ ಸಲ್ಲುವ ಜಾಗದಲ್ಲಿ: ಬಿದ್ದ ಹೊತ್ತಿನಲ್ಲಿ ನಿಂತು, ಅದಕ್ಕಿಂತ ಹಿಂದಿನ ರಾತ್ರಿ ಸೋರಿದ ಎಣ್ಣೆಯ ಕಡೆಗೆ ತಿರುಗಿ ನೋಡಿದಾಗ. ಸೋರಿದ್ದು ಎಣ್ಣೆ ಎಂಬುದರಲ್ಲಿ ಈಗ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಕಳಿಸುವ ಮೊದಲು ಆಪರೇಟರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ ಎಂದಿದ್ದೆ. ಸೋಮವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ಕ್ಯಾಂಟೀನಿನಲ್ಲಿ ಕುಳಿತು ಒಂದೊಂದೇ ವಾಕ್ಯವನ್ನು ಹೇಳಿದರಂತೆ. ಎರಡನೆಯ ವಾಕ್ಯಕ್ಕೆ ಬಂದಾಗ ಆಪರೇಟರ್ ತಡೆದರು. “ಸಾರ್, ನಾನು ಸೋಮವಾರ ಬೆರಳಿಟ್ಟು ತೋರಿಸಿದ್ದು ಸಿಲಿಂಡರಿನ ಸೀಲು. ಅವರು ನೋಡಿ ಹೋಗಿದ್ದು ವಾಲ್ವು. ಸೀಲು ಮುಟ್ಟಲೇ ಇಲ್ಲ.” ಸೂಪರ್‌ವೈಸರ್ ಅಲ್ಲಿಂದಲೇ ನನಗೆ ಫೋನ್ ಮಾಡಿ, ತೆಗೆದುಹಾಕಿದ ‘ಓನ್ಲಿ’ಯನ್ನು ಮತ್ತೆ ತರಬೇಕು, ಆದರೆ ಎಲ್ಲಿ ಇಡಲಿ ಎಂದು ಕೇಳಿದರು. ನಾನು ಉತ್ತರ ಹೇಳಲಿಲ್ಲ. ‘ವಾಲ್ವನ್ನೇ’ ಎಂಬಲ್ಲಿ ‘ಏ’ ಯಾವ ಪದಕ್ಕೆ ಅಂಟಿದೆ, ಇಂಗ್ಲಿಷಿನಲ್ಲಿ ಅದು ಆ ಪದದ ಯಾವ ಕಡೆ ನಿಲ್ಲಬೇಕು ಎಂದು ಕೇಳಿದೆ. ಸಂಜೆ ಮುಖ್ಯ ಕಚೇರಿಗೆ ಹೋದ ವರದಿಯ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಎರಡನೆಯ ವಾಕ್ಯ ಹೀಗಿದೆ: “ದಿ ಮೇಂಟೆನೆನ್ಸ್ ಟೀಮ್ ಚೆಕ್ಡ್ ಓನ್ಲಿ ದಿ ವಾಲ್ವ್, ನಾಟ್ ದಿ ಸಿಲಿಂಡರ್ ಸೀಲ್, ವಿಚ್ ದಿ ಆಪರೇಟರ್ ಹ್ಯಾಡ್ ಶೋನ್ ಮಿ ಆ್ಯಟ್ 3 ಪಿ.ಎಂ.” ಆ ‘ಹ್ಯಾಡ್’ ಅನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾಲ್ಕು ದಿನಗಳ ನಂತರ ಆಪರೇಟರಿಗೆ ಕೊಟ್ಟ ನೋಟಿಸನ್ನು ಹಿಂತೆಗೆದುಕೊಂಡರು, ಸೀಲನ್ನು ಬದಲಾಯಿಸಿದರು.